ಅಮ್ಮನ ಮಾತು, ನನ್ನ ಅಕ್ಷರ

ಫೆಬ್ರವರಿ ೧೬, ೨೦೧೪

ಪ್ರೀತಿಯ ಅಕ್ಕ,

ಈ ಪತ್ರದ ಜೊತೆಗೆ ಒಂದು ಪೆಟ್ಟಿಗೆಯೂ ಬರುತ್ತದೆ. ತೆರೆದ ಕೂಡಲೇ "ಇದೇನೇ ಕಸ ಕಟ್ಟಿ ಕಳಿಸಿದ್ದೀಯಾ" ಎಂದು ಬೈಯಬೇಡ. ಒದ್ದೆ ಮರದ ಹೊಟ್ಟಿನೊಳಗೆ ಇರುವುದು ಬೇರುಗಳು, ಜೀವ ಇರುವ ಬೇರುಗಳು. ಕಾಡಿನಿಂದ ಕಿತ್ತು ತಂದದ್ದಲ್ಲ. ನಾನು ಕೆಲಸ ಮಾಡುವ ನರ್ಸರಿಯಲ್ಲಿ ಬೀಜ ಹಾಕಿ ಬೆಳೆಸಿ, ಗಿಡ ಒಣಗಿ ಮಲಗಿದ ಮೇಲೆ ಅಗೆದು, ಬೇರು ಬಿಡಿಸಿ ಮಾರುತ್ತೇವೆ. ನಾವಿಬ್ಬರೂ ಶಾಲೆಗೆ ಹೋಗುವಾಗ ದಾರಿ ಬದಿಯಲ್ಲಿ ತಾವಾಗಿ ಅರಳುತ್ತಿದ್ದ ಕಾಡುಹೂವುಗಳೇ ಇವು. ಆ ದಾರಿಗೆ ಈಗ ಕಾಂಕ್ರೀಟು ಬಿದ್ದಿದೆ. ಇವು ಒಂದು ಸಲ ಹೂಬಿಟ್ಟು ಸತ್ತುಹೋಗುವ ಜಾತಿಯಲ್ಲ. ಮೇಲೆ ಒಣಗಿದರೂ ಕೆಳಗೆ ಬದುಕಿರುತ್ತವೆ, ವರ್ಷ ವರ್ಷ ಮತ್ತೆ ಬರುತ್ತವೆ.

ಅಮ್ಮನ ಕಿಟಕಿಯ ಕೆಳಗೆ ನೆಡು. ಶುಂಠಿಯ ಹಾಗಿರುವುದರಲ್ಲಿ ಸಣ್ಣ ಕೆಂಪು ಮೊಳಕೆ ಕಾಣುತ್ತದೆ, ಅದು ಮೇಲಕ್ಕಿರಲಿ. ಜುಟ್ಟಿನ ಹಾಗಿರುವ ಬೇರನ್ನು ಗುಂಡಿಯಲ್ಲಿ ಹರಡಿ ಕೂರಿಸು. ಯಾವುದು ತಲೆ ಯಾವುದು ಬುಡ ತಿಳಿಯದಿದ್ದರೆ ಅಡ್ಡ ಮಲಗಿಸು, ಅದಕ್ಕೆ ಗೊತ್ತಿರುತ್ತದೆ. ಎರಡು ಬೆರಳಿನಷ್ಟು ಮಣ್ಣು ಸಾಕು. ಗೊಬ್ಬರ ಬೇಡ. ಮಣ್ಣು ಒಣಗಿದರೆ ಮಾತ್ರ ನೀರು.

ಬೇಗ ಬರಲಿಲ್ಲ ಎಂದು ಕೆದಕಬೇಡ. ಮೊದಲ ವರ್ಷ ನಿದ್ದೆ, ಎರಡನೆಯ ವರ್ಷ ಆಕಳಿಕೆ, ಮೂರನೆಯ ವರ್ಷ ಎದ್ದು ಕೂರುತ್ತವೆ. ಇದು ನಮ್ಮ ನರ್ಸರಿಯಲ್ಲಿ ಎಲ್ಲರೂ ಆಡುವ ಮಾತು. ಅಮ್ಮನ ಕಣ್ಣು ಇನ್ನಷ್ಟು ಮಂಜಾಗುವ ಮೊದಲು ಅವಳು ಇವುಗಳನ್ನು ನೋಡಲಿ ಎಂದು ನನ್ನ ಆಸೆ.

ನಿನ್ನ ತಂಗಿ

*

ಮಾರ್ಚ್ ೯, ೨೦೧೪

ಗುಬ್ಬೀ,

ಅಮ್ಮ ಪಕ್ಕದಲ್ಲಿ ಕೂತಿದ್ದಾಳೆ. ಓದಲು ಬರೆಯಲು ಕಣ್ಣಿಲ್ಲ, ಫೋನಿನಲ್ಲಿ ನೀನು ಏನೆಂದರೂ "ಆಂ? ಆಂ?" ಅನ್ನುತ್ತಾಳೆ. ಅದಕ್ಕೇ ಯಥಾಪ್ರಕಾರ ಬಾಯಿ ಅವಳದು, ಕೈ ನನ್ನದು. ಬರೆದದ್ದನ್ನು ಓದಿಸಿ ಕೇಳುತ್ತಾಳೆ. ಒಂದು ಮಾತು ನುಂಗಿದರೂ ಹಿಡಿದುಬಿಡುತ್ತಾಳೆ. ಈಗ ಅವಳು ಹೇಳುತ್ತಾಳೆ:

"ನನ್ನ ಬಂಗಾರದ ಗುಬ್ಬಿಗೆ ಅಮ್ಮನ ಆಶೀರ್ವಾದ. ಬೇರು ಬಂತು ಕಣೇ. ಮೂಸಿ ನೋಡ್ದೆ, ಒಳ್ಳೇ ಮಣ್ಣಿನ ವಾಸನೆ. ಎಷ್ಟು ಜೋಪಾನವಾಗಿ ಸುತ್ತಿಟ್ಟಿದ್ದೀಯ! ನಿನ್ನ ಕೈಗುಣವೇ ಹಾಗೆ, ಮುಟ್ಟಿದ್ದೆಲ್ಲ ಚಿಗುರುತ್ತೆ. ನಿಮ್ಮಕ್ಕ ನೆಟ್ಟಳು. ಅವಳಿಗೆ ಇದೆಲ್ಲ ಎಲ್ಲಿ ತಿಳೀಬೇಕು? ಒಂದನ್ನ ತಲೆಕೆಳಗೆ ಹಾಕಕ್ಕೆ ಹೋಗಿದ್ಲು. ನಾನು ಕುರ್ಚಿ ಹಾಕ್ಕೊಂಡು ಕೂತು, ಹೇಳಿ ಹೇಳಿ ಮಾಡಿಸ್ದೆ. ನೀನು ಹೊಟ್ಟೆಗೆ ಸರಿಯಾಗಿ ತಿನ್ನು. ನಿನ್ನ ನೆನಪಾಗದ ದಿನ ಇಲ್ಲ."

ಬರೆದೆ. ಓದಿಯೂ ಹೇಳಿದೆ. "ಬಂಗಾರದ" ಅನ್ನುವುದನ್ನು ಬಿಟ್ಟಿದ್ದೆ, ಸೇರಿಸು ಅಂದಳು, ಸೇರಿಸಿದೆ. ಈಗ ಒಳಗೆ ಹೋಗಿ ಮಲಗಿದ್ದಾಳೆ. ಇನ್ನು ಮುಂದೆ ನನ್ನ ಮಾತು.

ಆ ಕಿಟಕಿಯ ಕೆಳಗೆ ಮಣ್ಣು ಎಲ್ಲಿತ್ತೇ? ಹಳೆಯ ಇಟ್ಟಿಗೆ, ಒಡೆದ ಸಿಂಕು, ಯಾರೋ ಕಟ್ಟಡದವರು ಬಿಟ್ಟುಹೋದ ಗಾರೆ. ಇದ್ದ ಒಂದು ಭಾನುವಾರ ನಾನು, ನಿಮ್ಮ ಭಾವ ಸೇರಿ ಅದನ್ನೆಲ್ಲ ಕೆದರಿ ಎತ್ತಿದೆವು. ಲಾಂಡ್ರಿಯಲ್ಲಿ ಆರು ದಿನ ನಿಂತು ಹೋಟೆಲಿನವರ ಹೊದಿಕೆಗೆ ಇಸ್ತ್ರಿ ಹಾಕಿದವಳಿಗೆ ಏಳನೆಯ ದಿನ ಸನಿಕೆ! ಅಂಗೈಯಲ್ಲಿ ಬೊಬ್ಬೆ ಎದ್ದು ಮಾರನೆಯ ದಿನ ಇಸ್ತ್ರಿಪೆಟ್ಟಿಗೆಯ ಹಿಡಿ ಹಿಡಿಯಲಾಗಲಿಲ್ಲ. ತಲೆಕೆಳಗೆ ಹಾಕಲು ಹೋದದ್ದು ನಿಜ. ಹಾಕಲಿಲ್ಲವಲ್ಲ? ನೀನು ಹೇಳಿದಂತೆ ಅಡ್ಡ ಮಲಗಿಸಿದೆ.

ಕೆಲಸ ನನ್ನದು, ಕೈಗುಣ ನಿನ್ನದು. ಸಂಜೆ ಹಾಲಿನವಳು ಬಂದಾಗ ಅಮ್ಮ ಕಿಟಕಿಯಿಂದಲೇ ಕೂಗಿ ತೋರಿಸುತ್ತಿದ್ದಳು, "ನೋಡಮ್ಮ, ಇದು ನಮ್ಮ ಗುಬ್ಬಿಯ ಪಾತಿ." ನಾನು ಅಲ್ಲೇ ಕೆಸರು ಕೈಯಲ್ಲಿ ನಿಂತಿದ್ದೆ.

ಹೊಟ್ಟೆಕಿಚ್ಚು ಅನ್ನುತ್ತೀಯಾ? ಅನ್ನು. ಹೌದು, ಹೊಟ್ಟೆಕಿಚ್ಚೇ.

ನಿನ್ನ ಅಕ್ಕ

*

ಜೂನ್ ೨೨, ೨೦೧೪

ಗುಬ್ಬೀ,

ಅಮ್ಮ ಹೇಳಿದ್ದು: "ಬಂಗಾರದ ಗುಬ್ಬಿಗೆ ಆಶೀರ್ವಾದ. ಬೇರು ಮಲಗಿವೆ. ದಿನಾ ಮಾತಾಡಿಸ್ತೀನಿ. ಒಂದು ಕಡೆ ಎರಡು ಎಲೆ ಬಂದಿದೆ ಅಂತ ನಿಮ್ಮ ಭಾವ ಅಂದ್ರು. ಎಷ್ಟು ಚೆಂದದ ಎಲೆ ಅಂತೆ! ನೀನು ಕಳಿಸಿದ್ದು ಅಂದ ಮೇಲೆ ಕೇಳಬೇಕಾ."

ಇನ್ನು ನನ್ನದು. ಎರಡೇ ಎರಡು ಎಲೆ ಗುಬ್ಬೀ, ಕಿರುಬೆರಳಿನ ಉಗುರಿನಷ್ಟು. ಉಳಿದದ್ದೆಲ್ಲ ಬೋಳು ಮಣ್ಣು.

ಹೋದ ತಿಂಗಳು ನಾನು ಏನು ಮಾಡಿದೆ ಗೊತ್ತಾ? ಅಮ್ಮನಿಗೆ ಈಗಲೇ ಹೂವು ನೋಡುವ ಆಸೆ ಎಂದು ಅಂಗಡಿಯಿಂದ ಆರು ಕುಂಡ ತಂದೆ. ತುಂಬಾ ಹೂವಿದ್ದವು, ಒಂದೊಂದೂ ತಟ್ಟೆಯಷ್ಟು ಅಗಲ, ಕೆಂಪು, ಕಿತ್ತಳೆ. ಎಂಥ ಮಂಜುಗಣ್ಣಿಗೂ ಕಾಣುವ ಬಣ್ಣ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಅಮ್ಮ ಬಂದು ಕೂತಳು, ಕೈಯಾಡಿಸಿದಳು. "ಚೆನ್ನಾಗಿದೆ" ಅಂದಳು. ನನಗೆ ಪ್ರಾಣ ಬಂದಂತಾಯಿತು. ಮರುಕ್ಷಣ ಏನಂದಳು ಹೇಳಲಾ? "ಇದನ್ನ ಸ್ವಲ್ಪ ಪಕ್ಕಕ್ಕೆ ಸರಿಸೇ, ಗುಬ್ಬಿಯ ಪಾತಿಗೆ ಅಡ್ಡ ಆಗುತ್ತೆ."

ಅರಳಿದ ಹೂವನ್ನು ಸರಿಸಿ ಬೋಳು ನೆಲ ನೋಡುವವರನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ಹಿತ್ತಲ ಗಿಡ ಮದ್ದಲ್ಲ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ. ನಾನು ಹಿತ್ತಲ ಗಿಡ, ನೀನು ದೂರದ ಬೆಟ್ಟ. ಟೀ ಆರಿದೆ, ದಿಂಬು ತೆಳ್ಳಗಾಗಿದೆ, ಬಾಗಿಲು ಧಡ್ ಅಂತ ಹಾಕಬೇಡ, ಇದು ನನ್ನ ಪಾಲಿಗೆ. ಬಂಗಾರ ನಿನ್ನ ಪಾಲಿಗೆ.

ನಿನ್ನೆ ಬೆಳಿಗ್ಗೆ ಸಿಟ್ಟು ಬಂದು ಒಂದು ಕಡೆ ಬೆರಳು ಹಾಕಿ ಕೆದಕಿದೆ. ಸತ್ತಿದ್ದರೆ ಕಿತ್ತು ತಂದು ಅಮ್ಮನ ಮುಂದೆ ಇಡೋಣ ಎಂದು. ಬೇರು ಗಟ್ಟಿಯಾಗಿತ್ತು, ತಣ್ಣಗಿತ್ತು. ಮಣ್ಣು ಮುಚ್ಚಿದೆ.

ಅಕ್ಕ

*

ಜುಲೈ ೫, ೨೦೧೪

ಅಕ್ಕಾ,

ಕೆದಕಬೇಡ ಅಂದಿದ್ದೆ! ಎಷ್ಟು ಸಣ್ಣ ಮೊಳಕೆ ಅದು, ಉಗುರು ತಾಗಿದರೂ ಮುರಿಯುತ್ತದೆ. ಮುರಿದರೆ ಇನ್ನೊಂದು ವರ್ಷ ಹಿಂದೆ.

ಕುಂಡದ ಹೂವಿಗೆ ನಿನಗೆ ಬೇಜಾರಾಗಿದ್ದು ಅರ್ಥವಾಗುತ್ತದೆ. ಆದರೆ ಅಕ್ಕ, ನನಗೂ ಒಂದು ಮಾತಿದೆ. ಆರಿದ ಟೀ ಅಂದರೂ ಅದನ್ನು ಅವಳು ನಿನ್ನ ಕೈಯಿಂದಲೇ ಕುಡಿಯುತ್ತಾಳಲ್ಲ? ನಾನು ಸಂಜೆ ಕೋಣೆಗೆ ಬಂದು ಬೀಗ ತೆಗೆದರೆ, ಬಾಗಿಲು ಧಡ್ ಎಂದು ಹಾಕಿಕೊಂಡರೂ ಕೇಳುವವರಿಲ್ಲ. ನನಗೆ ಸಿಗುವ ಅಮ್ಮ ನಿನ್ನ ಅಕ್ಷರದಲ್ಲಿರುವ ಅಮ್ಮ.

ಅದಿರಲಿ. ಹುಲ್ಲು ಕೀಳುವಾಗ ಜೋಪಾನ. ಬೇರು ನೆಟ್ಟ ಜಾಗಕ್ಕೆಲ್ಲ ಒಂದೊಂದು ಕಡ್ಡಿ ಚುಚ್ಚಿಡು.

ತಂಗಿ

*

ಆಗಸ್ಟ್ ೩೦, ೨೦೧೫

ಗುಬ್ಬೀ,

ಅಮ್ಮ ಹೇಳಿದ್ದು: "ಗುಬ್ಬೀ, ನೀನು ಕಳಿಸಿದ ಗಿಡಗಳು ನನ್ನ ಎತ್ತರ ಬಂದಿದ್ವು ಕಣೇ. ಕಿಟಕಿಯಿಂದ ಕೈ ಹಾಕಿದ್ರೆ ಎಲೆ ಸಿಗ್ತಿತ್ತು. ಈಗ ಎಲ್ಲ ಮಲಗಿಬಿಟ್ಟಿವೆ. ಒಂದೂ ಹೂ ಬಿಡಲಿಲ್ಲ. ನಿಮ್ಮಕ್ಕ ಏನು ಮಾಡಿದಳೋ ಏನೋ. ನೀನಿದ್ದಿದ್ರೆ ಹೀಗಾಗ್ತಿರಲಿಲ್ಲ."

ಕೊನೆಯ ವಾಕ್ಯ ಬರೆಯುವಾಗ ಪೆನ್ನು ಒತ್ತಿ ಕಾಗದ ತೂತಾಗಿದೆ, ನೋಡಿದ್ದೀಯಲ್ಲ?

ಏನು ಮಾಡಿದೆ ಎಂದು ಹೇಳುತ್ತೇನೆ. ಹೋದ ವರ್ಷ ಚುಚ್ಚಿಟ್ಟಿದ್ದ ಕಡ್ಡಿಗಳ ಬುಡದಲ್ಲಿ ಚಿಗುರು ಕಂಡಾಗಿನಿಂದ ಗೊಬ್ಬರ ಹಾಕಿದೆ. ಹದಿನೈದು ದಿನಕ್ಕೊಮ್ಮೆ. ಕುಂಡಕ್ಕೆ ಹಾಕುವುದೇ, ಒಳ್ಳೆಯ ಗೊಬ್ಬರ. ಬೇಡ ಅಂದಿದ್ದೆ, ಗೊತ್ತು. ನೀನು ಬೇಡ ಅಂದದ್ದಕ್ಕೇ ಹಾಕಿದೆ. ಮೂರನೆಯ ವರ್ಷಕ್ಕೆ ಬರುವ ಹೂವು ನಿನ್ನದಾದರೆ, ಎರಡನೆಯ ವರ್ಷಕ್ಕೇ ಬರಿಸಿದ ಹೂವು ನನ್ನದಾಗುತ್ತದೆ ಎಂದು. ಆಗ ಅಮ್ಮ ಹಾಲಿನವಳನ್ನು ಕೂಗಿ "ನಮ್ಮ ದೊಡ್ಡೋಳು ಬೆಳೆಸಿದ್ದು" ಅನ್ನುತ್ತಾಳೆ ಎಂದು. ಗಿಡಗಳೂ ಹಾಗೇ ಎದ್ದವು, ಕಂಬದ ಹಾಗೆ. ನಾನು ಲಾಂಡ್ರಿಯಿಂದ ಬರುವಾಗ ಬೀದಿಯ ತಿರುವಿನಿಂದಲೇ ನೋಡುತ್ತಾ ಬರುತ್ತಿದ್ದೆ. ಒಂದು ಜೋರು ಗಾಳಿ ಬಂತು ನೋಡು, ಅಷ್ಟೂ ದೊಪ್ಪನೆ ನೆಲಕ್ಕೆ. ಬರೀ ಎಲೆ, ಒಂದು ಮೊಗ್ಗೂ ಇಲ್ಲ.

ನಗಬೇಡ.

ಅಕ್ಕ

*

ಸೆಪ್ಟೆಂಬರ್ ೧೩, ೨೦೧೫

ಅಕ್ಕಾ,

ನಕ್ಕೆ. ಕ್ಷಮಿಸು.

ಇವು ಬಡ ಮಣ್ಣಿನ ಮಕ್ಕಳು. ಹೊಟ್ಟೆ ತುಂಬಾ ಹಾಕಿದರೆ ಮೈ ಬೆಳೆಸಿಕೊಂಡು ಹೂವನ್ನು ಮರೆತುಬಿಡುತ್ತವೆ. ಬಿದ್ದದ್ದನ್ನು ಕತ್ತರಿಸಬೇಡ, ಹಾಗೇ ಒಣಗಲಿ, ಬೇರಿಗೆ ಅದೇ ಹೊದಿಕೆ. ಗೊಬ್ಬರ ನಿಲ್ಲಿಸು. ಏನೂ ಕೆಟ್ಟಿಲ್ಲ, ಮುಂದಿನ ವರ್ಷ ಬಂದೇ ಬರುತ್ತವೆ.

ಇನ್ನೊಂದು ವಿಷಯ. ನನಗೆ ಕೆಳಮಹಡಿಯಲ್ಲಿ ಮನೆ ಸಿಕ್ಕಿದೆ. ಎರಡು ಕೋಣೆ, ಮೆಟ್ಟಿಲಿಲ್ಲ. ಅಮ್ಮನನ್ನು ಕರೆಸಿಕೊಳ್ಳಲಾ? ನೀನು ಇಷ್ಟು ವರ್ಷ ನೋಡಿಕೊಂಡಿದ್ದೀಯ. ನಿನಗೂ ಸ್ವಲ್ಪ ಬಿಡುವಾಗಲಿ. ಈ ಭಾಗವನ್ನೂ ಅಮ್ಮನಿಗೆ ಓದಿ ಹೇಳು ಅಕ್ಕ, ಬಿಟ್ಟುಬಿಡಬೇಡ.

ತಂಗಿ

*

ಅಕ್ಟೋಬರ್ ೪, ೨೦೧೫

ಗುಬ್ಬೀ,

ಬಿಡಲಿಲ್ಲ, ಓದಿದೆ. "ಹೋಗ್ತೀಯಾ?" ಅಂತ ಕೇಳಿದೆ. "ಅಯ್ಯೋ, ನಿನ್ನ ಬಿಟ್ಟು ಎಲ್ಲಿ ಹೋಗಲೇ" ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು "ಯಾವತ್ತು ಹೊರಡೋದು?" ಅಂದಳು.

ಬರುವ ಶನಿವಾರ ನಿಮ್ಮ ಭಾವ ಕರೆತಂದು ಬಿಡುತ್ತಾರೆ. ನಾನು ಬರುವುದಿಲ್ಲ, ಲಾಂಡ್ರಿಯಲ್ಲಿ ರಜೆ ಇಲ್ಲ. ರಜೆ ಇದೆ, ಬರುವುದಿಲ್ಲ.

ತಿಳಿದುಕೋ. ಟೀ ಬಿಸಿ ಇದ್ದರೆ ಸುಡುತ್ತೆ ಅನ್ನುತ್ತಾಳೆ, ಆರಿದರೆ ಆರಿತು ಅನ್ನುತ್ತಾಳೆ. ನಡುವೆ ಒಂದು ಗಳಿಗೆ ಇದೆ, ಅದನ್ನು ನೀನೇ ಹುಡುಕಿಕೊಳ್ಳಬೇಕು. ಎಡಗಡೆಯ ಮಂಡಿಗೆ ಎಣ್ಣೆ ಹಚ್ಚುವಾಗ ಬಿಡು ಬಿಡು ಅನ್ನುತ್ತಾಳೆ, ಬಿಡಬೇಡ. ರಾತ್ರಿ ಎದ್ದು ಒಬ್ಬಳೇ ಬಚ್ಚಲಿಗೆ ಹೋಗುತ್ತಾಳೆ, ಕರೆಯುವುದಿಲ್ಲ. ಹಾಸಿಗೆಯ ಕಿರುಗುಟ್ಟುವ ಸದ್ದು ಕೇಳಿದ ತಕ್ಷಣ ನೀನೇ ಏಳಬೇಕು. ಹೊಸ ಜಾಗದಲ್ಲಿ ಮೊದಮೊದಲು ಊಟ ಸೇರುವುದಿಲ್ಲ, ಬಲವಂತ ಮಾಡಬೇಡ, ಪಕ್ಕದಲ್ಲಿ ಕೂತು ನೀನು ತಿನ್ನು. ನೀನು ಬಂಗಾರದ ಮಗಳೇ ಆದ ಮೇಲೆ ಇದೆಲ್ಲ ನಿನಗೆ ಹೇಳಬೇಕಾಗಿಲ್ಲವೇನೋ.

ಪಾತಿಗೆ ಒಣ ಎಲೆ ಹೊದಿಸಿದ್ದೇನೆ. ನೀನು ಹೇಳಿದ್ದಕ್ಕಲ್ಲ, ಎಲೆ ಬಿದ್ದಿತ್ತು.

ಅಕ್ಕ

*

ಜನವರಿ ೧೭, ೨೦೧೬

ಅಕ್ಕಾ,

ಅಮ್ಮ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾಳೆ:

"ನನ್ನ ದೊಡ್ಡ ಮಗಳಿಗೆ, ನನ್ನ ಮನೆಯ ಕಂಬಕ್ಕೆ, ಆಶೀರ್ವಾದ. ಹೇಗಿದ್ದೀಯೇ ತಾಯಿ? ಇಲ್ಲಿ ಟೀಗೆ ರುಚಿಯೇ ಇಲ್ಲ. ನಿನ್ನ ಕೈ ಟೀ ಕುಡಿದ ನಾಲಿಗೆ ಇದು. ಮಂಡಿಗೆ ಎಣ್ಣೆ ಹಚ್ತಾಳೆ ಇವಳು, ಬೆಕ್ಕಿನ ಬೆನ್ನು ಸವರಿದ ಹಾಗೆ. ನೀನಾದ್ರೆ ಮೂಳೆ ಒಳಗೆ ಹೋಗೋ ಹಾಗೆ ಹಚ್ತಿದ್ದೆ. ಹಾಸಿಗೆ ಹಾಸಿದ್ರೆ ನಿನ್ನ ಹಾಗೆ ಹಾಸಬೇಕು, ಒಂದು ಸುಕ್ಕಿಲ್ಲ. ನೀನು ಇಸ್ತ್ರಿ ಮಾಡಿದ ಹೊದಿಕೆ ಹೊದ್ದು ಮಲಗಿದವಳಿಗೆ ಇಲ್ಲಿ ನಿದ್ದೆ ಎಲ್ಲಿ ಬರಬೇಕು. ಇಷ್ಟನ್ನೂ ಗುಬ್ಬಿಗೆ ದಿನಾ ಹೇಳ್ತೀನಿ, ಕಲಿತುಕೊಳ್ಳೇ ಅಂತ."

ಅಕ್ಕಾ, ಈಗ ನನ್ನದು. ದಿನಾ ಹೇಳುತ್ತಾಳೆ ಅನ್ನುವುದು ಸುಳ್ಳಲ್ಲ. ಬೆಳಿಗ್ಗೆ ಎದ್ದರೆ ನಿನ್ನ ಹೆಸರು, ಮಲಗಿದರೆ ನಿನ್ನ ಹೆಸರು. ನರ್ಸರಿ ತೋರಿಸಲು ಕರೆದುಕೊಂಡು ಹೋದೆ. ನನ್ನ ಜೊತೆ ಕೆಲಸ ಮಾಡುವವರ ಎದುರಿಗೆ, "ನಮ್ಮ ದೊಡ್ಡೋಳ ಕೈಯಲ್ಲಿ ಕೊಟ್ಟಿದ್ರೆ ಈ ಜಾಗ ಇನ್ನೂ ಚೊಕ್ಕಟವಾಗಿರ್ತಿತ್ತು" ಅಂದಳು. ಏಳು ವರ್ಷದಿಂದ ನಾನು ನೋಡಿಕೊಳ್ಳುತ್ತಿರುವ ಜಾಗ ಅದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅತ್ತೆ.

ಇದನ್ನೆಲ್ಲ ನೀನು ಇಷ್ಟು ವರ್ಷ ಹೇಗೆ ಬರೆದೆ ಅಕ್ಕ? "ಕಂಬ" ಅನ್ನುವುದನ್ನು ಬಿಟ್ಟಿದ್ದೆ. ಓದಿಸಿ ಸೇರಿಸಿದಳು.

ತಂಗಿ

*

ಫೆಬ್ರವರಿ ೭, ೨೦೧೬

ಗುಬ್ಬೀ,

ಪತ್ರ ಬಂತು. ಮೂರು ಸಲ ಓದಿದೆ. ನಿಮ್ಮ ಭಾವನಿಗೆ ಎರಡು ಸಲ ಓದಿ ಹೇಳಿದೆ. ಲಾಂಡ್ರಿಗೂ ತೆಗೆದುಕೊಂಡು ಹೋಗಿ, ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದಾಗ, "ನಮ್ಮ ತಂಗಿ ಬರೆದಿದ್ದಾಳೆ" ಅಂತ ಜೋರಾಗಿ ಓದಿದೆ. "ಮನೆಯ ಕಂಬ" ಅನ್ನುವಲ್ಲಿ ಸ್ವಲ್ಪ ನಿಲ್ಲಿಸಿದೆ.

ನೀನು ಅತ್ತದ್ದು ಓದಿ ಮೊದಲು ನನಗೆ ಖುಷಿಯಾಯಿತು. ಅನ್ನಬಾರದು, ಆದರೆ ಆಯಿತು. ಅನುಭವಿಸು ಮಗಳೇ ಅಂದುಕೊಂಡೆ. ಆಮೇಲೆ ಬೇಜಾರಾಯಿತು, ಆದರೆ ಆಮೇಲೆ.

ಒಂದು ಕೇಳಬೇಕು ಅವಳನ್ನು. ಇದೆಲ್ಲ ಅವಳಿಗೆ ಮೊದಲೇ ಗೊತ್ತಿತ್ತಲ್ಲ? ಟೀ, ಎಣ್ಣೆ, ಹಾಸಿಗೆ? ಎದುರಿಗಿದ್ದಾಗ ಒಂದೇ ಒಂದು ದಿನ ಬಾಯಿಬಿಟ್ಟು ಯಾಕೆ ಹೇಳಲಿಲ್ಲ? ಕೇಳು. ಏನನ್ನುತ್ತಾಳೋ ಹಾಗೇ ಬರೆದು ಕಳಿಸು.

ಅಕ್ಕ

*

ಮೇ ೧೬, ೨೦೧೬

ಗುಬ್ಬೀ,

ಈ ಪತ್ರ ಅಂಚೆಗೆ ಹಾಕುವುದಿಲ್ಲ. ಬರೆಯದಿದ್ದರೆ ಎದೆ ಒಡೆಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಹೂ ಬಿಟ್ಟಿವೆ.

ಬೆಳಿಗ್ಗೆ ನೀರು ಹಾಕಲು ಹೋದೆ. ಶುಂಠಿಯ ಹಾಗಿದ್ದ ಬೇರಿನದು ನೀಲಿ, ಕದಿರಿನ ಹಾಗೆ ನೆಟ್ಟಗೆ. ಜುಟ್ಟಿನ ಬೇರಿನದು ಹಳದಿ, ಸಣ್ಣ ಸಣ್ಣದು, ಲೆಕ್ಕವಿಲ್ಲದಷ್ಟು. ನಾನು ಅಡ್ಡ ಮಲಗಿಸಿದ್ದೆನಲ್ಲ, ಅದೂ ಬಂದಿದೆ, ಬೆಳ್ಳಗೆ. ದುಂಬಿಗಳು ಎಲ್ಲಿಂದ ಬಂದವೋ. ಲಾಂಡ್ರಿಗೆ ತಡವಾಯಿತು, ಹೋಗಲು ಮನಸ್ಸಾಗಲಿಲ್ಲ. ಹಾಲಿನವಳು ಬಂದು "ಅಮ್ಮಾವ್ರು ಇರಬೇಕಿತ್ತು" ಅಂದಳು. ನಾನು ಕಿಟಕಿ ನೋಡಿದೆ. ಒಳಗೆ ಕುರ್ಚಿ ಖಾಲಿ.

ಇದನ್ನು ನಿನಗೆ ಬರೆದರೆ ನೀನು ಓದಿ ಹೇಳುತ್ತೀಯ. ಅವಳು ಮರುದಿನವೇ ಗಂಟು ಕಟ್ಟುತ್ತಾಳೆ. ಬರುತ್ತಾಳೆ, ಇದೇ ಕಿಟಕಿಯಲ್ಲಿ ಕೂರುತ್ತಾಳೆ. ಯಾಕೆ ಬಂದಳು? ಗುಬ್ಬಿಯ ಹೂ ನೋಡಲು. ನೀರು ಹೊತ್ತು ಸೊಂಟ ಬಿದ್ದವಳು ನಾನು, ಬಂದದ್ದು ನಿನ್ನ ಹೂವಿಗೆ. ಬೇಡ. ಬಂದರೆ ನನಗಾಗಿ ಬರಬೇಕು. "ದೊಡ್ಡೋಳೇ, ನಿನ್ನ ಹತ್ರ ಬರ್ತೀನಿ" ಅನ್ನಬೇಕು. ಅಲ್ಲಿಯವರೆಗೆ ನಾನು ಬಾಯಿ ಬಿಡುವುದಿಲ್ಲ.

ಹೂವು ಎಷ್ಟು ದಿನ ಇರುತ್ತದೆ ಎಂದು ನಿನ್ನನ್ನು ಕೇಳುವ ಹಾಗೂ ಇಲ್ಲ.

ಅಕ್ಕ

*

ಮೇ ೧೬, ೨೦೧೬

ಗುಬ್ಬೀ,

ಇಲ್ಲಿ ಎಲ್ಲ ಕ್ಷೇಮ. ಪಾತಿಯಲ್ಲಿ ಎಲೆ ಇದೆ. ಹೂವು ಇನ್ನೂ ಇಲ್ಲ. ಅಮ್ಮನ ಮಂಡಿ ಹೇಗಿದೆ?

ಅಕ್ಕ

*

ಮೇ ೨೯, ೨೦೧೬

ಅಕ್ಕಾ,

ನೀನು ಕೇಳಿದ್ದನ್ನು ಅಮ್ಮನಿಗೆ ಹೇಳಲು ಇಷ್ಟು ದಿನ ನನಗೇ ಧೈರ್ಯವಾಗಿರಲಿಲ್ಲ. ನಿನ್ನೆ ಕೇಳಿದೆ. ಇದು ಅವಳ ಉತ್ತರ, ಹಾಗೇ ಬರೆಯುತ್ತಿದ್ದೇನೆ:

"ದೊಡ್ಡೋಳೇ, ಇಷ್ಟು ವಯಸ್ಸಾದ್ರೂ ನಿನಗೆ ಬುದ್ಧಿ ಬರಲಿಲ್ವಲ್ಲೇ. ಎದುರಿಗಿರೋಳನ್ನ ಏನು ಹೊಗಳೋದು? ಕೈ ಚಾಚಿದ್ರೆ ಸಿಗ್ತಾಳೆ. ಸಿಗದೇ ಇರೋಳನ್ನ ಬಾಯಲ್ಲಾದ್ರೂ ಇಟ್ಕೋಬೇಕಲ್ಲ. ಅಲ್ಲಿದ್ದಾಗ ಗುಬ್ಬಿ ಸಿಗ್ತಿರಲಿಲ್ಲ, ಇಲ್ಲಿ ನೀನು ಸಿಗಲ್ಲ. ಈಗ ಹೇಳ್ತೀನಿ ಕೇಳು. ನನಗೆ ಇಲ್ಲಿ ಬೇಜಾರು. ಇವಳು ನನ್ನ ಜೊತೆ ಜಗಳ ಆಡಲ್ಲ. ಏನಂದ್ರೂ 'ಆಯ್ತಮ್ಮ' ಅಂತಾಳೆ. ನಾಲಿಗೆಗೆ ತುಕ್ಕು ಹಿಡೀತಿದೆ. ಹೂವು ಬಂದ ಮೇಲೆ ಹೋಗೋಣ ಅಂತಾಳೆ ಗುಬ್ಬಿ. ಹೂವು ಬಂದರೆಷ್ಟು ಬಿಟ್ಟರೆಷ್ಟು! ನನಗೆ ಕಾಣೋದು ಬರೀ ನೆರಳು. ನಿನ್ನ ಹತ್ರ ಬರ್ತೀನಿ. ಬಂದು ಕರ್ಕೊಂಡು ಹೋಗೇ."

ಅಕ್ಕಾ, ಈ ಕೊನೆಯ ಎರಡು ಮಾತನ್ನು ಬಿಟ್ಟುಬಿಡೋಣ ಎನ್ನಿಸಿತು. ಓದಿಸುತ್ತಾಳೆ ಎಂದು ಹೆದರಿ ಬರೆದದ್ದಲ್ಲ. ಈ ಸಲ ಅವಳು ಓದಿಸಲಿಲ್ಲ, ಹಾಗೇ ಮಲಗಿಬಿಟ್ಟಳು. ಆದರೂ ಬರೆದಿದ್ದೇನೆ.

ಈಗ ನನ್ನ ಮಾತು. ಕರೆದುಕೊಂಡು ಹೋಗಬೇಡ. ನೀನು ಬರದಿದ್ದರೆ ನಾಲ್ಕು ದಿನ ಕೂಗಾಡಿ ಉಳಿಯುತ್ತಾಳೆ. ನನಗೆ ಬೀಗ ತೆಗೆಯುವ ಮೊದಲೇ ಒಳಗೆ ಯಾರೋ ಕೆಮ್ಮುವುದು ಕೇಳಿಸುವುದು ಅಭ್ಯಾಸವಾಗಿಬಿಟ್ಟಿದೆ. ಅವಳು ನಿನ್ನನ್ನೇ ಹೊಗಳಲಿ. ತಿಂಗಳು ತಿಂಗಳು ನಾನು ಬರೆದು ಕಳಿಸುತ್ತೇನೆ, ಕಂಬ, ತಾಯಿ, ಒಂದನ್ನೂ ಬಿಡದೆ. ನಿನಗೆ ಬೇಕಾಗಿದ್ದದ್ದು ಅದೇ ಅಲ್ಲವಾ? ಅದೆಲ್ಲ ನಿನಗಿರಲಿ. ಅವಳು ನನಗಿರಲಿ.

ನಿನ್ನ ಗುಬ್ಬಿ

*

ಜೂನ್ ೫, ೨೦೧೬

ಗುಬ್ಬೀ,

ಹೂವು ಬಂದು ಮೂರು ವಾರವಾಯಿತು. ಇಲ್ಲ ಎಂದು ಬರೆದದ್ದು ಸುಳ್ಳು. ಮುಚ್ಚಿಟ್ಟದ್ದು ಯಾಕೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನೀನೂ ಆ ಎರಡು ಮಾತನ್ನು ನುಂಗಲು ಹೊರಟಿದ್ದವಳು. ನೀನು ನುಂಗಲಿಲ್ಲ, ನಾನು ನುಂಗಿದೆ. ಅಷ್ಟರಮಟ್ಟಿಗೆ ನೀನು ನನಗಿಂತ ಒಳ್ಳೆಯವಳು, ಅಮ್ಮ ಹೇಳುತ್ತಿದ್ದದ್ದು ಪೂರಾ ಸುಳ್ಳಲ್ಲ.

ನೀಲಿಯದು ಬುಡದಿಂದ ಉದುರಲು ಶುರುವಾಗಿದೆ. ಹಳದಿ ಇನ್ನೂ ಬಿಡುತ್ತಲೇ ಇದೆ. ಚೆನ್ನಾಗಿದೆ ಕಣೇ. ನೀನು ಕಳಿಸಿದ್ದು ಎಂದು ಹೊಟ್ಟೆ ಉರಿದುಕೊಂಡೇ ದಿನಾ ಬೆಳಿಗ್ಗೆ ಹೋಗಿ ನಿಂತು ನೋಡುತ್ತೇನೆ.

ನಿನ್ನ ಒಪ್ಪಂದ ಓದಿದೆ. ಆಗುವುದಿಲ್ಲ. "ನಿನ್ನ ಹತ್ರ ಬರ್ತೀನಿ" ಅನ್ನುವ ಮಾತು ಬಂದರೆ ಸಾಕು, ಅದನ್ನೇ ಇಟ್ಟುಕೊಂಡು ಇದ್ದುಬಿಡುತ್ತೇನೆ ಎಂದುಕೊಂಡಿದ್ದೆ. ಬಂತು. ಓದಿದೆ. ಆ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡೂ ನೋಡಿದೆ. ಮೂರು ದಿನಕ್ಕೆ ಸಾಕಾಯಿತು. ಮನೆಯಲ್ಲಿ ಟೀ ಮಾಡಿದರೆ ಆರಿದೆ ಅನ್ನುವವರಿಲ್ಲ. ಮೊನ್ನೆ ಬಾಗಿಲನ್ನು ಬೇಕೆಂದೇ ಧಡ್ ಎಂದು ಹಾಕಿದೆ. ನಿಮ್ಮ ಭಾವ ಪೇಪರಿನಿಂದ ತಲೆಯೆತ್ತಿ ನೋಡಿ ಮತ್ತೆ ಓದಿಕೊಂಡರು. ನನಗೆ ಅಳು ಬಂತು.

ಶನಿವಾರ ಬೆಳಿಗ್ಗೆ ಬರುತ್ತಿದ್ದೇನೆ, ನಾನೇ. ರಜೆ ಹಾಕಿದ್ದೇನೆ. ಅವಳ ಬಟ್ಟೆ ತೆಗೆದಿಡು, ಮಡಿಸುವುದು ಬೇಡ, ನೀನು ಮಡಿಸಿದರೆ ನಾನು ಮತ್ತೆ ಮಡಿಸಬೇಕು. ನೀನೂ ಒಂದು ವಾರ ರಜೆ ಕೇಳಿ ನಮ್ಮ ಜೊತೆಗೇ ಹೊರಡು. ಯೋಚಿಸಿ ಹೊರಡು ಮಾತ್ರ. ಕೈಗೆ ಸಿಗುವಷ್ಟು ಹತ್ತಿರ ಇದ್ದರೆ ಬಂಗಾರಕ್ಕೂ ಬೈಗುಳ ತಪ್ಪುವುದಿಲ್ಲ.

ವಾರ ಕಳೆದು ನೀನು ಹೊರಟ ಮಾರನೆಯ ದಿನದಿಂದ ಮತ್ತೆ ಶುರುವಾಗುತ್ತದೆ, ನನಗೆ ಗೊತ್ತು. ಗುಬ್ಬಿ ಹೀಗೆ, ಗುಬ್ಬಿ ಹಾಗೆ, ಗುಬ್ಬಿಯ ಕೈಗುಣ. ನಾನು ಕೂತು ಬರೆಯುತ್ತೇನೆ. ಹೊಟ್ಟೆ ಉರಿಯುತ್ತದೆ, ಉರಿಯಲಿ, ಬರೆಯುತ್ತೇನೆ. ಹೊಗಳಿಕೆಯನ್ನು ಅಂಚೆಯಲ್ಲಿ ಕಳಿಸಬಹುದು ಗುಬ್ಬೀ, ನೀನೇ ಇಟ್ಟುಕೋ. ಬೈಯಬೇಕಾದರೆ ಅವಳು ಎದುರಿಗೇ ಇರಬೇಕು.

ನಿನ್ನ ಅಕ್ಕ